ಉದಾಹರಣೆ ವಾಕ್ಯ

ಗಜೇಂದ್ರಗಡದ ಕಲಾಯಿಗಾರರ ಓಣಿಗೆ ಸಲಾವುದ್ದೀನ ಮೊದಲ ಸಲ ಬಂದಾಗ, ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗಿದ್ದ ಅಜ್ಜನಿಗೆ ಒಂದು ಮಾತು ಹೇಳಿದಳು. ಅದು ಕನ್ನಡವಲ್ಲ, ಉರ್ದುವೂ ಅಲ್ಲ. ಅಜ್ಜ ಕೆಮ್ಮು ಹತ್ತುವಷ್ಟು ನಕ್ಕ.

“ಏನಂದ್ರಿ?” ಎಂದು ಸಲಾವುದ್ದೀನ ಕೇಳಿದ.

“ಅದನ್ನ ತಿಳಕೊಳ್ಳಾಕ ಬಂದೀರಲ್ಲ? ತಿಳಕೋರಿ,” ಎಂದಳು ಅವಳು. ಮೊರ ಮತ್ತೆ ಕುಣಿಯತೊಡಗಿತು. ಅವಳ ಹೆಸರು ಇಷ್ರತ.

ಅದು 2007ರ ಮೇ ತಿಂಗಳು. ಸಲಾವುದ್ದೀನ ನರಗುಂದದವನು, ಧಾರವಾಡದಲ್ಲಿ ಭಾಷಾವಿಜ್ಞಾನ ಕಲಿಸುತ್ತಿದ್ದ. ಆಡುವವರೇ ಮುಗಿಯುತ್ತ ಬಂದ ಭಾಷೆಯನ್ನು ಹೇಗೆ ಕೇಳಬೇಕು, ಹೇಗೆ ರೆಕಾರ್ಡ್ ಮಾಡಬೇಕು, ಹೇಗೆ ಬರೆದಿಡಬೇಕು ಎಂಬುದನ್ನು ಕಲಿಸಲು ಆರು ಜನ ಎಂ.ಎ. ವಿದ್ಯಾರ್ಥಿಗಳನ್ನು ಮೂರು ವಾರಕ್ಕೆ ಕರೆತಂದಿದ್ದ. ಸೂಟಿ ಬಿದ್ದಿದ್ದ ಒಂದು ಶಾಲೆಯಲ್ಲಿ ಅವರ ಬಿಡಾರ.

ಅವರು ಹುಡುಕಿ ಬಂದದ್ದು ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯುವ ಕಲಾಯಿಗಾರರ ‘ಒಳಮಾತ’ನ್ನು. ಗಿರಾಕಿಯ ಎದುರಿನಲ್ಲೇ ಗಿರಾಕಿಗೆ ತಿಳಿಯದ ಹಾಗೆ ಆಡಿಕೊಳ್ಳಲು ಆ ಕಸುಬಿನವರು ಕಟ್ಟಿಕೊಂಡ ಮಾತು. ಸ್ಟೀಲಿನ ಪಾತ್ರೆ ಬಂದವು, ತಾಮ್ರ ಹಿತ್ತಾಳೆ ಅಟ್ಟ ಸೇರಿದವು, ಕಲಾಯಿ ನಿಂತಿತು. ಮಾತೂ ನಿಂತಿತು. ಈಗ ಅದನ್ನು ಪೂರ್ತಿ ಬಲ್ಲವನು ಎಪ್ಪತ್ತಾರರ ಉಸ್ಮಾನಸಾಬ ಒಬ್ಬನೇ. ಅವನ ಮಗ ಕಾಶೀಂಸಾಬನಿಗೆ ಪೇಟೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಒಳಮಾತು ಒಂದಕ್ಷರ ಬಾರದು. ತಂದೆತಾಯಿ ಇಲ್ಲದ ಮೊಮ್ಮಗಳು ಇಷ್ರತ ಮಾತ್ರ ಚಿಕ್ಕಂದಿನಲ್ಲಿ ತಾನು ‘ದಾದಾ’ ಎಂದು ಕರೆಯುವ ಅಜ್ಜನ ಕುಲುಮೆಗೆ ತಿದಿ ಒತ್ತುತ್ತ, ಯಾರೂ ಕಲಿಸದೆ ಅದನ್ನು ಕಲಿತಿದ್ದಳು.

ದಿನಾ ಮುಂಜಾನೆ ವಿದ್ಯಾರ್ಥಿಗಳು ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ನೀರಿಗೆ ಏನಂತೀರಿ? ‘ನಾ ಬಂದೆ’ ಅನ್ನೋದು ಹ್ಯಾಂಗ? ಅಜ್ಜ ಹೇಳುತ್ತಿದ್ದ, ದಣಿದಾಗ ಇಷ್ರತ ಹೇಳುತ್ತಿದ್ದಳು. ವಿದ್ಯಾರ್ಥಿಗಳು ತಪ್ಪಾಗಿ ಉಚ್ಚರಿಸಿದರೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಸಲಾವುದ್ದೀನ ತಪ್ಪಿದರೆ ಮಾತ್ರ ನಗದೆ, ಕಣ್ಣು ಕಿರಿದು ಮಾಡಿ, ಅವನು ತಾನಾಗಿ ತಿದ್ದಿಕೊಳ್ಳುವವರೆಗೆ ಕಾಯುತ್ತಿದ್ದಳು. ಆ ನೋಟಕ್ಕಾಗಿಯೇ ಅವನು ಎರಡು ಸಲ ಬೇಕೆಂದೇ ತಪ್ಪಿದ. ಮೂರನೆಯ ಸಲ ಅವಳಿಗೆ ಗೊತ್ತಾಯಿತು.

“ಸರ, ಕಲಿಸಾವರು ಹಿಂಗಾದ್ರ ಕಲಿಯಾವರ ಗತಿ ಏನ್ರಿ?” ಎಂದಳು ಎಲ್ಲರೆದುರು.

ಹತ್ತನೆಯ ದಿನ ಅವನು ಅವಳ ಮೊದಲ ಮಾತಿನ ಅರ್ಥ ಬಿಡಿಸಿದ.

“ತಿಳೀತ್ರಿ, ಅವತ್ತ ನೀವು ಅಂದದ್ದು. ‘ಹೊರಗ ಭಾಳ ಹೊಳೀತೈತಿ, ಒಳಗ ಬರೇ ತಗಡು.’ ಹೌದಲ್ಲ?”

ಇಷ್ರತಳ ಕಿವಿ ಕೆಂಪಾದವು. “ಅವತ್ತ ಹಂಗ ಕಂಡ್ರಿ,” ಎಂದಳು.

“ಮತ್ತ ಈಗ?”

“ಈಗ ತಿಕ್ಕಿ ನೋಡಬೇಕು,” ಎಂದವಳೇ ನೀರಿನ ಕೊಡ ಎತ್ತಿಕೊಂಡು ಹೊರಟಳು. ಅಂದು ಪೂರ್ತಿ ಸಲಾವುದ್ದೀನನಿಗೆ ಪಾಠ ಹತ್ತಲಿಲ್ಲ.

ಇಬ್ಬರ ನಡುವೆ ಒಳಮಾತು ಬೆಳೆಯುತ್ತ ಹೋಯಿತು. ಜನರಿರುವಾಗಲೇ, ಚಹಾ ಕೊಡುವ ನೆವದಲ್ಲಿ, ಎರಡು ಶಬ್ದ, ಮೂರು ಶಬ್ದ. ಆರು ಜನ ವಿದ್ಯಾರ್ಥಿಗಳಿಗೆ ಇನ್ನೂ ಅಷ್ಟು ಬರುತ್ತಿರಲಿಲ್ಲ. ಅಜ್ಜ ಗೋಡೆಗೊರಗಿ ಕಣ್ಣು ಮುಚ್ಚಿರುತ್ತಿದ್ದ.

ಹದಿನೇಳನೆಯ ದಿನ, ಇಳಿಹೊತ್ತಿನ ಅಸರಿನ ನಮಾಜಿಗೆ ಅಜ್ಜ ಎದ್ದು ಹೋದ. ವಿದ್ಯಾರ್ಥಿಗಳು ಅಂಗಳದಲ್ಲಿ ಬರೆಯುತ್ತಿದ್ದರು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಇಷ್ರತ ಅದನ್ನೇ ನೋಡುತ್ತ ಒಳಮಾತಿನಲ್ಲಿ ನಿಧಾನವಾಗಿ ಹೇಳಿದಳು. ಅದರ ಅರ್ಥ ಇಷ್ಟು: ‘ನೀ ಹೋದ ಮೇಲೆ ಈ ಮಾತನ್ನು ಯಾರ ಕೂಡ ಆಡಲಿ? ನನ್ನನ್ನೂ ಕರೆದುಕೊಂಡು ಹೋಗು.’

ಸಲಾವುದ್ದೀನ ಕೈ ಚಾಚಿ ರೆಕಾರ್ಡರ್ ಬಂದ್ ಮಾಡಿದ.

“ಕೊಣ್ಣೂರಿನಿಂದ ಒಂದು ಸಂಬಂಧ ಬಂದೈತ್ರಿ,” ಅವಳು ಕನ್ನಡಕ್ಕೆ ಬಂದಳು. “ಅಬ್ದುಲಮಜೀದ ಅಂತ. ಕಾಶೀಂ ಕಾಕಾಗ ಮನಸೈತಿ. ದಾದಾ ‘ನಿನ್ನ ಖುಷಿ’ ಅಂದಾರ. ನಾ ಇನ್ನೂ ಏನೂ ಅಂದಿಲ್ಲ.”

“ಇಷ್ರತ, ಇನ್ನ ನಾಕ ದಿನ ತಡೀರಿ. ಶಿಬಿರ ಮುಗೀಲಿ. ಈಗ ನಾ ಇಲ್ಲಿ ಕಲಿಸಾಕ ಬಂದಾವ. ಮಾತು ಹೇಳಿಕೊಡಾವರ ಕೂಡ ಸಂಬಂಧ ಬೆಳಸಬಾರದು ಅಂತೈತಿ. ಹುಡುಗರ ಮುಂದ ನಾನ ಆ ರೂಲ್ ಮುರದ್ರ ಹ್ಯಾಂಗ? ಮುಗದ ಮ್ಯಾಲ ನಾನ ಬಂದು ದಾದಾನ್ನ ಕೇಳತೀನಿ.”

ಅವಳು ತಲೆಯಾಡಿಸಿದಳು. ನಾಲ್ಕು ದಿನ ದೊಡ್ಡದೇನಲ್ಲ ಎನ್ನುವಂತೆ ನಕ್ಕಳು ಕೂಡ.

ಆ ಧ್ವನಿಯನ್ನು ಅವನು ಅಳಿಸಬೇಕಿತ್ತು. ಅಳಿಸಲು ಕೈ ಬರಲಿಲ್ಲ. ಮರುದಿನ ಗಡಿಬಿಡಿಯಲ್ಲಿ ಎಲ್ಲ ಫೈಲುಗಳನ್ನೂ ವಿದ್ಯಾರ್ಥಿಗಳ ಕಂಪ್ಯೂಟರಿಗೆ ಹಾಕಿಕೊಟ್ಟಾಗ ಅದೂ ಜೊತೆಗೆ ಹೋಯಿತು.

ಕೊನೆಯ ದಿನ ಶಾಲೆಯ ದೊಡ್ಡ ಕೋಣೆಯಲ್ಲಿ ಓಣಿಯವರನ್ನೆಲ್ಲ ಕರೆದಿದ್ದರು. ಮುಂದಿನ ಸಾಲಿನಲ್ಲಿ ಉಸ್ಮಾನಸಾಬ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕಾಶೀಂಸಾಬ. ಕಿಟಕಿಯ ಹತ್ತಿರ ಹೆಣ್ಣುಮಕ್ಕಳ ನಡುವೆ ಇಷ್ರತ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ತಾವು ಕಲಿತದ್ದನ್ನು ತೋರಿಸಿದರು. ನರೇಗಲ್ಲಿನ ದುರ್ಗಾ ಎಲ್ಲರಿಗಿಂತ ಶ್ರದ್ಧೆಯ ಹುಡುಗಿ. ಅವಳು ಬಟನ್ ಒತ್ತಿದಳು.

ಇಷ್ರತಳ ದನಿ ಕೋಣೆ ತುಂಬಿತು.

ದುರ್ಗಾ ಅದರ ಅರ್ಥವನ್ನು ಹಲಗೆಯ ಮೇಲೆ ದುಂಡಗೆ ಬರೆದಳು. ಒಂದು ತಪ್ಪೂ ಇರಲಿಲ್ಲ.

“ಕ್ರಿಯಾಪದದ ಕೊನಿ ನೋಡ್ರಿ. ಇದು ಹೆಣ್ಣುಮಗಳು ಗಂಡಸಿಗೆ ಹೇಳೂ ರೂಪ. ಯಾರಿಗೆ ಹೇಳಿದ್ದು ಅಂತ ಮಾತ್ರ ಬರದಿಲ್ಲ.” ಅವಳು ತಿರುಗಿ ಕೇಳಿದಳು, “ಸರ, ಯಾರಿಗ್ರಿ?”

ಕಾಶೀಂಸಾಬನ ಚಹಾದ ಕಪ್ಪು ತುಟಿಯ ಹತ್ತಿರ ನಿಂತಿತು. ಉಸ್ಮಾನಸಾಬ ಕಣ್ಣು ತೆರೆದು ಸಲಾವುದ್ದೀನನನ್ನೇ ನೋಡಿದ. ಇಷ್ರತ ತಲೆ ತಗ್ಗಿಸಲಿಲ್ಲ.

ಸಲಾವುದ್ದೀನನಿಗೆ ಒಂದೇ ಕಂಡಿತು: ಇಷ್ಟು ಜನರ ನಡುವೆ ಹುಡುಗಿಯ ಹೆಸರು ಕೆಡಬಾರದು.

“ಅದು ನಾನ ಕೇಳಿದ್ದು,” ಎಂದ. “ವ್ಯಾಕರಣಕ್ಕಂತ. ಯಾರಿಗೂ ಹೇಳಿದ್ದಲ್ಲ. ಬರೇ ಉದಾಹರಣೆ ವಾಕ್ಯ.”

ಕಾಶೀಂಸಾಬ ಚಹಾ ಕುಡಿದ. ಯಾರೋ ನಕ್ಕರು. ದುರ್ಗಾ ಹಲಗೆಯ ಮೇಲಿನ ಸಾಲಿನ ಮುಂದೆ ‘ಉದಾಹರಣೆ’ ಎಂದು ಬರೆದಳು. ಇಷ್ರತ ಆ ಶಬ್ದವನ್ನು ಬಹಳ ಹೊತ್ತು ಓದಿದಳು. ಆಮೇಲೆ ಎದ್ದು ಹೊರಗೆ ಹೋದಳು.

ಸಂಜೆ ಅವನು ಹೊಸ ಅಂಗಿ ತೊಟ್ಟು ಅವರ ಮನೆಗೆ ಹೋದ. ಅಜ್ಜ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ.

“ದಾದಾ, ಒಂದು ಮಾತು ಕೇಳಾಕ ಬಂದೀನಿ. ಇಷ್ರತಳ್ನ…”

“ತಡಾ ಆತು ತಮ್ಮಾ. ಮಧ್ಯಾಹ್ನ ಬಂದಾಕಿನ ಕೊಣ್ಣೂರಿಗೆ ಹ್ಞೂಂ ಅಂದಳು. ಕಾಶೀಂ ಫೋನ್ ಮಾಡಿ ಹೇಳಿದ.”

ಸಲಾವುದ್ದೀನ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತ.

“ನನಗ ಆ ಮಾತು ತಿಳಿಯೂದಿಲ್ಲೇನ?” ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಾಳಬಹುದಿತ್ತು. “ದಿನಾ ಕಣ್ಣು ಮುಚ್ಚಿಕೊಂಡು ನಿಮ್ಮನ್ನ ಕೇಳತಿದ್ದೆ. ನನ್ನ ಹೇಣ್ತಿ ಖಾಜಾಬಿ ಹ್ವಾದಮ್ಯಾಲ ಈ ಮನ್ಯಾಗ ಗಂಡು-ಹೆಣ್ಣು ಹಿಂಗ ಆ ಮಾತು ಆಡಿದ್ದ ಕೇಳಿರಲಿಲ್ಲ. ಇವತ್ತ ಆ ಹುಡುಗಿ ‘ಯಾರಿಗೆ’ ಅಂದಾಗ ಕಾದೆ. ‘ನನಗ’ ಅಂತೀ ಅಂತ ಕಾದೆ. ಅಂದಿದ್ರ ಎದ್ದು ನಿನ್ನ ಕೈ ಹಿಡೀತಿದ್ದೆ, ಕಾಶೀಂ ಏನರ ಅನ್ನಲಿ.”

“ಆಕಿ ಹೆಸರು ಕೆಡಬಾರದು ಅಂತ…”

“ಹೆಸರು ಉಳೀತಪಾ,” ಎಂದು ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದ. ಒಳಗಿನಿಂದ ಯಾರೂ ಹೊರಗೆ ಬರಲಿಲ್ಲ.

ಎಂಟು ದಿನದ ಮೇಲೆ, ರೆಕಾರ್ಡ್ ಮಾಡಿದ ಧ್ವನಿಗಳನ್ನು ಬಳಸಲು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವುದಿತ್ತು. ವಿದ್ಯಾರ್ಥಿಗಳನ್ನು ಕಳಿಸಬಹುದಿತ್ತು; ಅವನೇ ಬಂದ. ಅಂಗಳದಲ್ಲಿ ಮದುವೆಗೆಂದು ಸುಣ್ಣ ಬಳಿಯುತ್ತಿದ್ದರು. ಇಷ್ರತ ಪತ್ರವನ್ನು ಪೂರ್ತಿ ಓದಿದಳು.

“ಬ್ಯಾಡಾದ್ದನ್ನ ತಗಿಸಬಹುದು ಅಂತ ಬರದೀರಿ. ಖರೇನ್ರಿ?”

“ಖರೇ.”

“ಹಂಗಾರ ಆ ಉದಾಹರಣೆ ತಗದ ಬಿಡ್ರಿ.”

ಅವನು ಎಲ್ಲ ಕಂಪ್ಯೂಟರುಗಳಿಂದಲೂ ಅದನ್ನು ಆಗಲೇ ತೆಗೆಸಿದ್ದ. ರೆಕಾರ್ಡರಿನಲ್ಲಿ ಒಂದೇ ಉಳಿದಿತ್ತು. ಅವಳ ಎದುರಿಗೇ ಅಳಿಸಿದ. ಒಂದು ಸಣ್ಣ ಸದ್ದೂ ಆಗಲಿಲ್ಲ.

“ಇಷ್ರತ, ಇನ್ನೂ ನಿಕಾಹ ಆಗಿಲ್ಲ. ನಾ ಕಾಕಾನ ಕಾಲು ಹಿಡೀತೀನಿ. ಅದು ನನಗ ಹೇಳಿದ ಮಾತು ಅಂತ ಊರಿಗೆಲ್ಲಾ ಹೇಳತೀನಿ.”

“ಆ ಮನಿಯವರಿಗೆ ನಾ ಮಾತು ಕೊಟ್ಟೀನ್ರಿ.” ಅವಳ ಕಣ್ಣು ತುಂಬಿದ್ದವು, ದನಿ ನಡುಗಲಿಲ್ಲ. “ನನ್ನ ಒಂದು ಮಾತು ಸುಳ್ಳಾತು. ಇನ್ನೊಂದರ ಖರೇ ಆಗಲಿ.”

ಆಗ ಅವನು ಇಷ್ಟು ದಿನ ಹೇಳದೆ ಇದ್ದದ್ದನ್ನು ಒಳಮಾತಿನಲ್ಲಿ ಹೇಳಿದ. ನೀನಿಲ್ಲದೆ ಯಾರ ಕೂಡ ಆಡಲಿ, ನನ್ನ ಜೊತೆ ಬಾ ಎಂದು. ಹೇಳಿ ಮುಗಿಸುವಷ್ಟರಲ್ಲಿ ಇಷ್ರತ ಅಳುತ್ತಲೇ ನಕ್ಕುಬಿಟ್ಟಳು.

“ಇದು ಹೆಣ್ಣಮಕ್ಕಳ ಮಾತಾತ್ರಿ ಸರ. ನಾ ಹ್ಯಾಂಗ ಅಂದಿದ್ದೆ, ಹಂಗ ಅಂದ್ರಿ.”

ಅವನಿಗೆ ಅದೊಂದೇ ಗೊತ್ತಿತ್ತು. ಗಂಡಸು ತನ್ನ ಹೆಣ್ಣಿಗೆ ಹೇಳುವ ರೂಪವನ್ನು ಅಜ್ಜನಿಗೆ ಎಷ್ಟು ಸಲ ಕೇಳಿದರೂ ಅವನು ಹೇಳಿರಲಿಲ್ಲ. ಖಾಜಾಬಿ ಸತ್ತ ಮೇಲೆ ಅದನ್ನು ಬಾಯಿಗೆ ತಂದಿರಲಿಲ್ಲ.

“ದಾದಾ ದಾದಿಗೆ ಹಿಂಗ ಅಂತಿದ್ರು,” ಎಂದು ಇಷ್ರತ ಆ ವಾಕ್ಯವನ್ನು ಹೇಳಿಕೊಟ್ಟಳು. ಕೊನೆಯ ಶಬ್ದ ಮಾತ್ರ ಬೇರೆ. ಉಸಿರು ಬಿಟ್ಟ ಹಾಗೆ ಮೆತ್ತಗೆ. “ಅವತ್ತ ಹಿಂಗ ಅನ್ನಬೇಕಿತ್ತು.”

ಅವನು ಹೇಳಿದ. ಅವಳು ಕಣ್ಣು ಕಿರಿದು ಮಾಡಿ ಕಾದಳು. ಇನ್ನೊಮ್ಮೆ ಹೇಳಿದ.

“ಈಗ ಸರಿ ಆತು,” ಎಂದಳು. “ಇದನ್ನ ಬರಕೋಬ್ಯಾಡ್ರಿ.”

ಪತ್ರಕ್ಕೆ ಸಹಿ ಹಾಕಿ ಕೊಟ್ಟು ಒಳಗೆ ಹೋದಳು.

ಆ ಚಳಿಗಾಲದಲ್ಲಿ ಉಸ್ಮಾನಸಾಬ ತೀರಿಕೊಂಡ. ಇಷ್ರತಳ ಹೊಸ ಮನೆಯಲ್ಲಿ ಒಳಮಾತು ಬಲ್ಲವರು ಯಾರೂ ಇರಲಿಲ್ಲ. ಸಲಾವುದ್ದೀನ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಆ ಧ್ವನಿಗಳನ್ನು ಕೇಳಿಸಿ, ಕ್ರಿಯಾಪದದ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುತ್ತಾನೆ. ಅದರಲ್ಲಿ ಒಂದು ಚೌಕ ಖಾಲಿ ಇರುತ್ತದೆ.

“ಸರ, ಗಂಡಸು ಹೆಂಗಸಿಗೆ ಹೇಳೂ ರೂಪ ಇಲ್ಲೇನ್ರಿ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

“ಇತ್ತು,” ಎನ್ನುತ್ತಾನೆ ಅವನು. “ಕೇಳೂದ್ರಾಗ ನಾ ತಡಾ ಮಾಡಿದೆ.” ಮತ್ತೆ ಮುಂದಿನ ಸಾಲು ಬರೆಯುತ್ತಾನೆ.