ರೈಲು ಕಾಯುವ ಬಸ್ಸಿನವ

ಮೊದಲ ಸಲ ಅವನ ಮುಖ ಕಂಡಾಗ ಇಂದೂ ಕಿರುಚಿಬಿಟ್ಟಿದ್ದಳು.

ಕಿರುಚದೆ ಇನ್ನೇನು ಮಾಡಿಯಾಳು? ಘೋರಪಡಿಯ ಹಳಿಗಳ ಮೇಲೆ ಹಾದುಹೋಗುವ ಪಾದಚಾರಿ ಸೇತುವೆ. ಅರ್ಧಕ್ಕರ್ಧ ದೀಪ ಕೆಟ್ಟಿದ್ದವು. ದೌಂಡ ಕಡೆಯಿಂದ ಬರುತ್ತಿದ್ದ ರೈಲಿಗಾಗಿ ಉಸಿರು ಬಿಗಿಹಿಡಿದು ಕ್ಯಾಮೆರಾದ ಶಟರ್ ತೆರೆದಿದ್ದಳು. ಅಷ್ಟರಲ್ಲಿ ಪಕ್ಕದಲ್ಲೇ ಭಗ್ಗನೆ ಬೆಳಕು. ತಿರುಗಿ ನೋಡಿದರೆ ಕತ್ತಲಲ್ಲಿ ತೇಲುವ ಒಂದು ಮುಖ! ಗದ್ದದ ಕೆಳಗೆ ಮೊಬೈಲ್ ಟಾರ್ಚ್ ಹಿಡಿದುಕೊಂಡು ರೈಲನ್ನೇ ನೋಡುತ್ತ ನಗುತ್ತಿತ್ತು.

"ಅಯ್ಯ ಯವ್ವಾ!"

ಮುಖವೂ ಬೆಚ್ಚಿತು. "ಹೆದರಬ್ಯಾಡ್ರಿ. ನಾ ಮನುಷ್ಯಾನ ಅದೀನಿ."

ಪುಣೆಯ ಸೇತುವೆಯ ಮೇಲೆ ಅಚ್ಚ ಬೆಳಗಾವಿ ಕನ್ನಡ! ನಗಬೇಕೋ ಬೈಯಬೇಕೋ ತಿಳಿಯದೆ ಇಂದೂ ಕ್ಯಾಮೆರಾದ ಪರದೆ ನೋಡಿದಳು. ರೈಲಿನ ದೀಪಗಳ ಉದ್ದನೆಯ ಗೆರೆ ಇರಬೇಕಾದಲ್ಲಿ ಬರೀ ಬಿಳಿ ಮಬ್ಬು. ಸಿಟ್ಟೇ ಗೆದ್ದಿತು.

"ಮನುಷ್ಯಾ ಇದ್ರ ಟಾರ್ಚ್ ಬಂದ್ ಮಾಡ್ರಿ. ನನ್ನ ಫೋಟೋ ಹಾಳಾತು."

"ಒಂದ ನಿಮಿಷ ರೀ. ಗಾಡಿ ಹೋಗಲಿ."

"ಆ ಗಾಡಿದ ಫೋಟೋ ತಗಿಯಾಕತ್ತೀನಿ ನಾ!"

ಗಾಡಿ ಹೋಯಿತು. ಅವನ ನಗುವೂ ಅದರ ಹಿಂದೆಯೇ ಹೋಯಿತು. ಆಮೇಲೆ ಟಾರ್ಚ್ ಆರಿಸಿ, "ತಪ್ಪಾತ್ರಿ" ಎಂದ. ಆ ಒಂದು ಮಾತು ಎಷ್ಟು ಮೆತ್ತಗಿತ್ತೆಂದರೆ, ಬಾಯಿಗೆ ಬಂದಿದ್ದ ಬೈಗುಳವನ್ನು ಇಂದೂ ನುಂಗಿಕೊಂಡಳು.

ಪುಣೆಯ ಕ್ಯಾಂಪ್ ಪೇಟೆಯ ಒಂದು ಕಣ್ಣಿನ ದವಾಖಾನೆಯಲ್ಲಿ ಜನರ ಕಣ್ಣು ತಪಾಸಣೆ ಮಾಡುವುದು ಇಂದೂನ ಕೆಲಸ. ದಿನವಿಡೀ ಅಕ್ಷರ ಓದಿಸಿ ಓದಿಸಿ ಬೇಸತ್ತು, ಸಂಜೆ ಕತ್ತಲಾದ ಮೇಲೆ ಈ ಸೇತುವೆಗೆ ಬರುತ್ತಿದ್ದಳು. ಅಣ್ಣ ವಿಕಾಸ ಬಳಸಿ ಬಿಟ್ಟ ಹಳೆಯ ಕ್ಯಾಮೆರಾ, ಅದಕ್ಕೊಂದೇ ಲೆನ್ಸು. ಟ್ರೈಪಾಡ್ ಇರಲಿಲ್ಲ. ಅಡುಗೆಮನೆಯ ಜೋಳವನ್ನು ಬಟ್ಟೆಯ ಚೀಲಕ್ಕೆ ತುಂಬಿ, ಸೇತುವೆಯ ಕಟ್ಟೆಯ ಮೇಲಿಟ್ಟು, ಅದರಲ್ಲಿ ಕ್ಯಾಮೆರಾವನ್ನು ಕೂಸಿನಂತೆ ಮಲಗಿಸುತ್ತಿದ್ದಳು. ಶಟರ್ ತೆರೆದಿರುವಷ್ಟು ಹೊತ್ತು ಏನೂ ಅಲುಗಬಾರದು, ಬೇರೆ ಬೆಳಕು ಬೀಳಬಾರದು. ಇಷ್ಟು ಕಷ್ಟಪಟ್ಟರೂ ಹತ್ತರಲ್ಲಿ ಒಂದು ಚಿತ್ರ ಬಂದರೆ ಪುಣ್ಯ.

ಮರುದಿನ ಅವನು ಕುಂದಾ ಮಿಠಾಯಿಯ ಡಬ್ಬಿ ಹಿಡಿದು ಬಂದಿದ್ದ.

"ಬೆಳಗಾಂವಿಂದ ಮುಂಜಾನೆ ಬಸ್ಸಿಗೆ ಬಂದದ್ರಿ. ನನ್ನ ಹೆಸರು ಕುಶಲ. ಕಾತ್ರಜದಾಗ ಬಸ್ ಬುಕಿಂಗ್ ಆಫೀಸ್ ಅದ ನಂದು."

"ಬಸ್ಸಿನವರಿಗೆ ರೈಲ್ವೆ ಬ್ರಿಜ್ ಮ್ಯಾಲೆ ಏನ್ ಕೆಲಸ ರೀ?"

"ಗಿರಾಕಿ ಎಲ್ಲಾ ಎಲ್ಲಿ ಹೊಂಟಾರ ಅಂತ ನೋಡಾಕ ಬರ್ತೀನ್ರಿ."

ಇಂದೂ ನಕ್ಕುಬಿಟ್ಟಳು. ನಕ್ಕ ಮೇಲೆ ಸಿಟ್ಟು ಎಲ್ಲಿಂದ ತರುವುದು? ತನ್ನ ಹೆಸರನ್ನೂ ದವಾಖಾನೆಯನ್ನೂ ಹೇಳಿದಳು. ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಬೆಳಕು ಮಾಡುವ ಮೊದಲು ಅವನು "ಹಚ್ಚಲೇನ್ರಿ?" ಎಂದು ಕೇಳಬೇಕು. ಅವಳು ಲೆನ್ಸಿಗೆ ಕಪ್ಪು ರಟ್ಟು ಅಡ್ಡ ಹಿಡಿಯಬೇಕು. ಅವನ ಮುಖ ಬೆಳಗುತ್ತಿತ್ತು, ರೈಲು ಹಾಯುತ್ತಿತ್ತು. ರಟ್ಟು ಹಿಡಿದವಳ ಕಣ್ಣು ಮಾತ್ರ ರೈಲಿನ ಮೇಲಿರುತ್ತಿರಲಿಲ್ಲ. ಒಮ್ಮೆ ಅವನು ತಟ್ಟನೆ ತಿರುಗಿದಾಗ ಇಂದೂ ಗಡಬಡಿಸಿ ಜೋಳದ ಚೀಲವನ್ನೇ ಜೋಗುಳ ಹಾಡುವವರಂತೆ ತಟ್ಟತೊಡಗಿದ್ದಳು.

"ಯಾರಿಗೆ ಹಿಂಗ ಮುಖಾ ತೋರಸ್ತೀರಿ?" ಎಂದು ಕೊನೆಗೂ ಕೇಳಿದಳು.

"ಆ ಗಾಡ್ಯಾಗ ನನಗ ಭಾಳ ಬೇಕಾದವರು ಅದಾರ್ರಿ," ಎಂದ ಕುಶಲ. ಮೊಬೈಲನ್ನು ಜೇಬಿಗಿಳಿಸಿ ಮೆಟ್ಟಿಲ ಕಡೆ ಹೊರಟ.

ಅಂದಿನಿಂದ ಇಂದೂಗೆ ತಲೆಯೆಲ್ಲ ಗೋಜಲು. ಬೇಕಾದವರಿದ್ದರೆ ಇರಲಿ, ತನಗೇನು? ಏನೂ ಇಲ್ಲದಿದ್ದರೆ ಅನ್ನ ಯಾಕೆ ಸೇರುತ್ತಿಲ್ಲ? ಎಷ್ಟೋ ದಿನ ಅವನು ಟಾರ್ಚ್ ಹಚ್ಚುತ್ತಲೇ ಇರಲಿಲ್ಲ. ಸುಮ್ಮನೆ ಅವಳ ಪಕ್ಕ ನಿಂತು, ಅವಳು ಹೇಳಿದಾಗ ರಟ್ಟು ಹಿಡಿದು, ಕ್ಯಾಮೆರಾದ ಪರದೆಯಲ್ಲಿ ಹೊಳೆಯುವ ಗೆರೆಗಳನ್ನು ನೋಡಿ "ಆಹಾ" ಎನ್ನುತ್ತಿದ್ದ. ಗಾಡಿಯಲ್ಲಿ ಅವನಿಗೆ ಬೇಕಾದಾಕೆ ಬಾರದ ದಿನ, ಪಾಪ, ಮನಸ್ಸು ಮರೆಯಲು ನಿಲ್ಲುತ್ತಾನೆ ಎಂದುಕೊಳ್ಳುತ್ತಿದ್ದಳು ಇಂದೂ. ಹಾಗೆಂದುಕೊಂಡಾಗ ಕನಿಕರ ಬರಬೇಕಿತ್ತು, ಹೊಟ್ಟೆಕಿಚ್ಚು ಬರುತ್ತಿತ್ತು.

ಒಂದು ರಾತ್ರಿ ಸಿಗ್ನಲ್ ಕೆಂಪಾಗಿ ರೈಲು ಸೇತುವೆಯ ಈಚೆಗೇ ನಿಂತಿತು. ಕುಶಲನ ಮುಖ ಬೆಳಗಿದ್ದೇ ತಡ, ಎಂಜಿನ್ನಿನ ಒಳಗೂ ದೀಪ ಹತ್ತಿತು. ಕಿಟಕಿಯಿಂದ ಒಬ್ಬ ಹೆಂಗಸು ಹೊರಗೆ ಬಾಗಿ, ಮೇಲೆ ನೋಡಿ, ಬಾಯ್ತುಂಬ ನಕ್ಕಳು. ನಿಂತ ರೈಲು, ಅಲುಗದ ಕ್ಯಾಮೆರಾ. ಇಂದೂನ ಬೆರಳು ತಾನಾಗಿ ಒತ್ತಿತು.

ಇಷ್ಟು ದಿನದಲ್ಲಿ ಅದೇ ಅವಳ ಅತಿ ಚೆಲುವಾದ ಚಿತ್ರ. ಅದನ್ನು ನೋಡಲಾಗದೆ ಕಣ್ಣು ಹನಿಗೂಡಿದವು.

ಎರಡು ದಿನ ಬಿಟ್ಟು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದು ಅವನ ಕೈಯಲ್ಲಿಟ್ಟಳು. "ನಿಮಗ ಬೇಕಾದವರದು. ಚಲೋ ಜೋಡಿ ಆಗ್ತದ" ಎಂದಳು. ಕುಶಲ ಚಿತ್ರ ನೋಡಿದವನು ನೋಡುತ್ತಲೇ ಉಳಿದ. ಅವನ ತುಟಿ ನಡುಗಿದ್ದನ್ನು ಕಂಡು, ಇನ್ನು ನಿಂತರೆ ತಾನೂ ಅತ್ತೇನೆಂದು ಇಂದೂ ಮೆಟ್ಟಿಲಿಳಿದು ಹೊರಟುಬಿಟ್ಟಳು.

ಆಮೇಲೆ ಸೇತುವೆಯ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ರೈಲಿನ ಸಿಳ್ಳು ಕೇಳಿದರೆ ಕಿಟಕಿ ಮುಚ್ಚಿದಳು. ಮುಚ್ಚಿದ ಮೇಲೆ ಕಿವಿಗೊಟ್ಟಳು.

ಒಂದು ಮಧ್ಯಾಹ್ನ ದವಾಖಾನೆಯ ಕುರ್ಚಿಯಲ್ಲಿ ಬಂದು ಕೂತ ಪೇಶಂಟ್‌ಗೆ ತಪಾಸಣೆಯ ಕನ್ನಡಕ ಏರಿಸಹೋದವಳ ಕೈ ಗಾಳಿಯಲ್ಲೇ ನಿಂತಿತು. ಕುಶಲ!

"ಕೆಳಗಿನ ಸಾಲು ಓದ್ರಿ," ಎಂದಳು.

ಪಟಪಟನೆ ಓದಿದ.

"ಇದು ಸ್ಪಷ್ಟ ಅದನೋ, ಇದು ಸ್ಪಷ್ಟ ಅದನೋ?"

"ಎರಡರಾಗೂ ಸಿಟ್ಟಾದ ಡಾಕ್ಟರೇ ಕಾಣಸ್ತಾರ್ರಿ."

"ಕಣ್ಣು ಛಂದ ಅದಾವ ನಿಮ್ಮವು. ಯಾಕ ಬಂದೀರಿ?"

"ನಿಮ್ಮ ಕಣ್ಣಿಗೆ ಏನಾಗ್ಯದ ನೋಡಾಕ ಬಂದೀನಿ," ಎಂದ ಕುಶಲ. "ನಮ್ಮಕ್ಕನ ಮುಖದಾಗ ನನ್ನ ಮೂಗು ಕಾಣಲಿಲ್ಲೇನ್ರಿ ನಿಮಗ?"

"ಅಕ್ಕ?"

"ಶಿವಕಾಂತಾ. ಎಂಜಿನ್ನಿನಾಗ ಅಸಿಸ್ಟಂಟ್ ಡ್ರೈವರ್. ದೌಂಡದಾಗ ಇರ್ತಾಳ. ನೋಡಾಕ ಬಂದ ವರನ್ನ ಬ್ಯಾಡ ಅಂದು ರೈಲ್ವೆ ಸೇರಿದ್ಲು. ಅವತ್ತಿಂದ ನಮ್ಮವ್ವ ಆಕಿ ಜೋಡಿ ಮಾತು ಬಿಟ್ಟಾಳ. ಮನಿಗೆ ಬರಬ್ಯಾಡ ಅಂದಾಳ. ಮನಿಯವರು ಒಬ್ಬರಾದ್ರೂ ಕಾಣಲಿ ಆಕಿಗೆ ಅಂತ ನಾ ಅಲ್ಲಿ ನಿಲ್ತಿದ್ದೆ."

ಇಂದೂ ಎದುರಿನ ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು.

"ಅವ್ವ ಇಲ್ಲೇ ನನ್ನ ಜೋಡಿ ಇರ್ತಾಳ. ನೀವು ತಗದ ಫೋಟೋ ಆಕಿಗೆ ತೋರಿಸ್ದೆ. ಮೊದಲ ಮುಖಾ ತಿರುವಿದ್ಲು. ಆಮ್ಯಾಲೆ ಚಾಳೀಸ ಹಾಕ್ಕೊಂಡು ಭಾಳೊತ್ತು ನೋಡಿದ್ಲು. ಕಡೀಕ, 'ಎಷ್ಟ ಬಡಕ ಆಗ್ಯಾಳೋ' ಅಂದು ಅಳಾಕ ಹತ್ತಿದ್ಲು. ಅವತ್ತೇ ಫೋನ್ ಮಾಡಿದ್ಲು. ಅಕ್ಕ ನಿನ್ನೆ ಮನಿಗೆ ಬಂದಿದ್ಲು, ರೀ."

ನಾಚಿಕೆಯೋ ಸಂತೋಷವೋ ಯಾವುದು ಮೊದಲು ಎಂದು ಗೊತ್ತಾಗದೆ ಇಂದೂ ಕೈಯಲ್ಲಿದ್ದ ಗಾಜನ್ನು ಒರೆಸಿದ್ದೇ ಒರೆಸಿದ್ದು.

"ಮತ್ತ ಟಾರ್ಚ್ ಹಚ್ಚದ ದಿವಸ?" ಎಂದಳು ತಲೆ ಎತ್ತದೆ. "ಆ ದಿವಸ ಅಕ್ಕ ಇರ್ತಿರಲಿಲ್ಲೇನು?"

"ಇರ್ತಿರಲಿಲ್ರಿ. ಅಕ್ಕನ ಡ್ಯೂಟಿ ಆ ಗಾಡಿಗೆ ವಾರಕ್ಕ ಒಂದೋ ಎರಡೋ ಸಲ." ಕುಶಲ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ. ತಮಾಷೆಯೆಲ್ಲ ಅವನ ಮುಖದಿಂದ ಇಳಿದಿತ್ತು. "ಉಳಿದ ದಿವಸ ಕಾತ್ರಜಿಂದ ಘೋರಪಡಿ ತನಕಾ, ಆ ಟ್ರಾಫಿಕ್ಕಿನಾಗ, ನಾ ಯಾರನ್ನ ನೋಡಾಕ ಬರ್ತಿದ್ದೆ? ರೈಲಿನ ಬಗ್ಗೆ ನನಗೇನೂ ತಿಳಿಯೂದಿಲ್ಲ, ಇಂದೂ ಅವರ. ಈ ವಾರ ಪೂರಾ ಆ ಬ್ರಿಜ್ ಮ್ಯಾಲೆ ಒಬ್ಬನ ನಿಂತು ಹುಚ್ಚಾಗೇನಿ."

ಹೊರಗಿನಿಂದ ನರ್ಸ್ ನೀತಾ, "ಪುಢಚಾ ಪೇಶಂಟ್ ಪಾಠವೂ ಕಾ?" ಎಂದು ಕೂಗಿದಳು. ಮುಂದಿನವರನ್ನು ಕಳಿಸಲೇ ಎಂದು. "ಥಾಂಬ!" ಎಂದು ಅವಳನ್ನು ತಡೆದ ಇಂದೂನ ದನಿ ದವಾಖಾನೆಗೆಲ್ಲ ಕೇಳಿಸಿತು.

"ನನಗೊಂದು ಗೊಂದಲ ಅದ," ಎಂದಳು ಅವನತ್ತ ಬಾಗಿ.

"ಇನ್ನೂ ಏನ್ರಿ?"

"ಇನ್ನ ಮುಂದ ನಿಮಗ ನೀ ಅನ್ಲ್ಯೋ, ರೀ ಅನ್ಲ್ಯೋ?"

ಕುಶಲ ದೊಡ್ಡ ವಿಷಯವೆಂಬಂತೆ ಯೋಚಿಸಿದ. ಅವನ ಕಣ್ಣಂಚಿನಲ್ಲಿ ತುಂಟತನ ಮತ್ತೆ ಹತ್ತಿ ಕೂತಿತು.

"ಸದ್ಯಕ್ಕ ನೀ ಅನ್ರಿ. ರೀ ಅನ್ನೂದು ಲಗ್ನ ಆದಮ್ಯಾಲೆ ಇದ್ದೇ ಅದ."

ಇಂದೂ ಅವನ ಮಡಿಲಿನಿಂದ ಕನ್ನಡಕ ಎತ್ತಿಕೊಂಡಳು. ಎತ್ತಿಕೊಂಡ ಕೈ ಅವನ ಕೈಯಲ್ಲೇ ಉಳಿಯಿತು.

"ಭಾಳ ಶಾಣ್ಯಾ ಅದೀ ನೀ," ಎಂದಳು.