ಕಪ್ಪು ಚರ್ಚಿನ ಅಂಗೈಗಳು

ಮಂಗಳವಾರ ಸಂಜೆ ನಾಲ್ಕಕ್ಕೆ ಅವಳು ಹನ್ನೊಂದು ಮಂದಿಯನ್ನು ಕರೆದುಕೊಂಡು ಕಪ್ಪು ಚರ್ಚಿನ ತೆಂಕಣ ಬಾಗಿಲಿಗೆ ಬಂದಳು. ಬಂದವರಿಗೆ ಊರು ತೋರಿಸುವುದು ಅವಳ ಕೆಲಸ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶನಿವಾರ. ಸ್ಟೇಷನ್ನಿನ ಕಮಾನು, ನೀರಿನ ಗೋಪುರ, ಎರಕದ ಕಾರ್ಖಾನೆಯ ತಣ್ಣಗಾದ ಚಿಮಣಿ ಎಲ್ಲ ಮುಗಿಸಿ ಕೊನೆಗೆ ಇಲ್ಲಿಗೆ, ಎಲೆಯ ಮೇಲಿನ ಸಿಹಿಯನ್ನು ಕಡೆಗೆ ಉಳಿಸಿಕೊಳ್ಳುವವರ ಹಾಗೆ.

ಕೊನೆಯ ಇಪ್ಪತ್ತು ಹೆಜ್ಜೆ ಅವಳು ಹಿಂದುಹಿಂದಕ್ಕೆ ನಡೆಯುತ್ತಿದ್ದಳು, ಮುಖ ಜನರ ಕಡೆ, ಬೆನ್ನು ಗೋಡೆಯ ಕಡೆ. ಗೋಡೆ ಕಂಡಾಗ ಅವರ ಕಣ್ಣು ಅರಳುವುದನ್ನು ನೋಡುವುದು ಅವಳಿಗಿಷ್ಟ.

"ಈಗ ನೋಡಿ," ಎಂದಳು.

ಯಾರ ಕಣ್ಣೂ ಅರಳಲಿಲ್ಲ. ಮುಂದೆ ನಿಂತಿದ್ದ ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡು, ಏನನ್ನು ನೋಡಬೇಕಮ್ಮ ಎಂದು ಮೆಲ್ಲಗೆ ಕೇಳಿದರು.

ಅವಳು ತಿರುಗಿದಳು. ಬಾಗಿಲ ಬಲಗಡೆ, ಒಂದಾಳು ಎತ್ತರದ ಕಲ್ಲು ಆಗ ತಾನೇ ಮುಖ ತೊಳೆದ ಮಗುವಿನಂತೆ ಹೊಳೆಯುತ್ತಿತ್ತು. ಉಳಿದ ಗೋಡೆಯೆಲ್ಲ ಕಪ್ಪಗೆ ಇದ್ದ ಹಾಗೇ ಇತ್ತು. ಅದೊಂದು ಕಡೆ ಮಾತ್ರ ಜೇನಿನ ಬಣ್ಣ, ಕಣ್ಣು ಕೋರೈಸುವಷ್ಟು ಶುಭ್ರ.

ಗೋಡೆಗೆ ಕಟ್ಟಿದ ಸಾರುವೆಯ ಹಲಗೆಯಿಂದ ಕಲ್ಲು ತೊಳೆಯುವವನು ಏಣಿಯ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ. ರೆಪ್ಪೆಯ ತುಂಬ ಕಲ್ಲಿನ ಪುಡಿ, ಮುಖದ ತುಂಬ ನಗು. ಶಹಬ್ಬಾಸ್ ಕೇಳಲು ಬಂದವನ ನಗು ಅದು.

"ಹೇಗಿದೆ, ಗೈಡಮ್ಮ? ಇಡೀ ಚರ್ಚಿನಲ್ಲಿ ಇಷ್ಟು ಮಸಿ ಎಲ್ಲೂ ಇರ್ಲಿಲ್ಲ. ಒಂದೇ ಪಟ್ಟಿಗೆ ಬಂತು."

ಅವಳು ಗೋಡೆಯನ್ನೇ ನೋಡುತ್ತ ಹೇಳಿದಳು. "ಅಲ್ಲಿ ನಮ್ಮಪ್ಪ ಇದ್ರು."

ಅವನ ನಗು ಅಲ್ಲಿಯೇ ನಿಂತಿತು.

*

ಕಪ್ಪು ಚರ್ಚು ಕಟ್ಟುವಾಗ ಕಪ್ಪಗಿರಲಿಲ್ಲ. ಎದುರಿನ ಎರಕದ ಕಾರ್ಖಾನೆ ನೂರು ವರ್ಷ ಉಗುಳಿದ ಹೊಗೆ ಅದನ್ನು ಕಪ್ಪು ಮಾಡಿತ್ತು. ಕುದಿಯುವ ಕಬ್ಬಿಣದ ಜತೆ ದಿನವಿಡೀ ಗುದ್ದಾಡುವ ಗಂಡಸರು ಸಂಜೆ ಮನೆಗೆ ಹೋಗುವ ಮೊದಲು, ಕೈ ಕೂಡ ತೊಳೆಯದೆ, ತೆಂಕಣ ಬಾಗಿಲ ಪಕ್ಕದ ಕಲ್ಲಿಗೆ ಬಲಗೈ ಒತ್ತಿ ಹೋಗುತ್ತಿದ್ದರು. ಪ್ರಾರ್ಥನೆಗೆ ಪುರುಸೊತ್ತಿಲ್ಲದವರ ಪ್ರಾರ್ಥನೆ ಅದು: ಇವತ್ತೂ ತಿರುಗಿ ಬಂದೆ, ನಿನ್ನ ದಯೆ. ಅಂಗೈಯ ಮೇಲೆ ಅಂಗೈ ಬಿದ್ದು, ಎಣ್ಣೆ ಮಸಿ ಗಟ್ಟಿಯಾಗಿ, ಎದುರು ನಿಂತು ನೋಡಿದರೆ ಬರೀ ಜಿಡ್ಡು. ಸಂಜೆಯ ಓರೆ ಬಿಸಿಲಿನಲ್ಲಿ, ಪಕ್ಕದಿಂದ ನೋಡಿದರೆ ಮಾತ್ರ ಬೆರಳುಗಳು ಏಳುತ್ತಿದ್ದವು.

ಕೆಳಗಿನ ಮೂಲೆಯಲ್ಲಿ, ಗುಂಪಿಗೆ ಸೇರದ ಒಂದು ಅಂಗೈ. ಉಂಗುರದ ಬೆರಳು ಅರ್ಧವೇ. ಅದು ಅವಳ ಅಪ್ಪನದು. ಕಾರ್ಖಾನೆ ಮುಚ್ಚಿದ ದಿನ ಅವರು ಮಂಡಿಯೂರಿ ಒತ್ತಿದ ಕೊನೆಯ ಗುರುತು. ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಪ್ರತಿ ಭಾನುವಾರ ಅಮ್ಮ ಒಳಗೆ ಹೋಗುವ ಮೊದಲು ಬಗ್ಗಿ ಅದನ್ನು ಮುಟ್ಟುತ್ತಿದ್ದಳು, ಮನೆಯಿಂದ ಹೊರಡುವಾಗ ಗಂಡನಿಗೆ ಹೋಗಿ ಬರ್ತೀನಿ ಎನ್ನುವಷ್ಟೇ ಸಹಜವಾಗಿ.

ಕಲ್ಲು ತೊಳೆಯುವವನಿಗೆ ಇದೊಂದೂ ಗೊತ್ತಿರಲಿಲ್ಲ. ಅವನ ಕಸುಬಿನಲ್ಲಿ ಒಂದು ಪದ್ಧತಿ: ಅತಿ ಕೊಳೆಯಾದ ಕಡೆಯೇ ಮೊದಲ ಪರೀಕ್ಷೆ, ಅದು ಹೋದರೆ ಉಳಿದದ್ದೆಲ್ಲ ಹೋಗುತ್ತದೆ. ಶನಿವಾರ ಅವಳು ಜನರನ್ನು ಕರೆದುಕೊಂಡು ಹೊರಟ ಮೇಲೆ ಅವನು ಆ ಕಲ್ಲಿಗೆ ರಬ್ಬರ್ ಹಾಲಿನಂಥ ದ್ರವ ಬಳಿದಿದ್ದ. ಮಂಗಳವಾರ ಬೆಳಿಗ್ಗೆ ಒಣಗಿದ ಪೊರೆಯನ್ನು ಸುಲಿದು ತೆಗೆದಿದ್ದ, ಮಸಿಯ ಸಮೇತ. ನಡುವಿನ ಭಾನುವಾರ ಅಮ್ಮನ ಕಾಲು ಉಳುಕಿ ತಾಯಿ ಮಗಳು ಇಬ್ಬರೂ ಮನೆಯಲ್ಲಿದ್ದರು. ಬಾಗಿಲ ಕಡೆಯಿಂದ ಶುರುಮಾಡಪ್ಪ ಎಂದಿದ್ದ ಫಾದರ್ ಈ ಊರಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ.

ಆದರೆ ಅವಳು ಅವನಿಗೆ ಹೇಳಬಹುದಿತ್ತು. ಮೂರು ವಾರದಿಂದ ಅವನು ಆ ಸಾರುವೆಯ ಮೇಲೆ, ಮಸಿಗೆ ಕೈ ಹಚ್ಚುವ ಮೊದಲು ಬ್ರಷ್ಷಿನಿಂದ ಬರೀ ಧೂಳು ಉದುರಿಸುತ್ತಿದ್ದ. ಅವಳು ಮಾತು ಆರಂಭಿಸಿದರೆ ಮೇಲೆ ಬ್ರಷ್ಷಿನ ಸದ್ದು ನಿಲ್ಲುತ್ತಿತ್ತು. ಒಂದು ದಿನ ಗೋಪುರದ ಇಸವಿಯನ್ನು ತಪ್ಪಾಗಿ ಹೇಳಿದಾಗ ಹಲಗೆಗಳ ನಡುವಿನಿಂದ ಒಂದು ತಲೆ ಹೊರಬಂದು, ಇಸವಿ ಕಲ್ಲಿನಲ್ಲೇ ಕೆತ್ತಿದೆ ಮೇಡಂ, ನನ್ನ ಮೂಗಿನ ಎದುರಿಗೇ ಇದೆ ಎಂದಿತ್ತು. ಮುಂದಿನ ಸಲ ಅವಳು ಬೇಕೆಂದೇ ತಪ್ಪು ಹೇಳಿದಳು. ತಲೆ ಮತ್ತೆ ಬಂತು. ಈ ಸಲ ಏನೂ ಹೇಳದೆ ಹುಬ್ಬು ಮಾತ್ರ ಏರಿಸಿ, ಅವಳ ಕೆನ್ನೆ ಕೆಂಪಾಗುವವರೆಗೆ ನೋಡಿ ಒಳಗೆ ಹೋಯಿತು. ಮನೆಯಲ್ಲಿ ಅಮ್ಮ ಅವನಿಗೆ ಸಾಬೂನು ಎಂದು ಹೆಸರಿಟ್ಟಿದ್ದಳು. ಅದನ್ನು ಹೇಳಿದಾಗ ಅವನು ಗಾಬರಿಯಾಗಿ, ಹಳೆ ಕಲ್ಲಿಗೆ ಸಾಬೂನು ಹಾಕಿದರೆ ನಮ್ಮ ಮಾವ ನನ್ನ ಕೈ ಮುರೀತಾರೆ, ಕೆಲಸ ಕಲಿಸಿದವರೇ ಅವರು ಎಂದಿದ್ದ.

ಅಂಗೈಗಳ ಕಥೆಯನ್ನು ಅವಳು ಅವನಿಗೆ ಹೇಳಿರಲಿಲ್ಲ. ಅವನು ಇನ್ನೊಂದು ಬದಿಯಲ್ಲಿ ಕೆಲಸ ಮಾಡುವಾಗಲೇ ಅದನ್ನು ಜನರಿಗೆ ಹೇಳಿ ಮುಗಿಸುತ್ತಿದ್ದಳು. ಅವನಿಗೆ ಬೇರೆಯಾಗಿ, ಒಬ್ಬನಿಗೇ, ಒಂದು ಸಂಜೆ ಕೈಹಿಡಿದು ಕರೆದೊಯ್ದು ತೋರಿಸಬೇಕೆಂದು ಎತ್ತಿಟ್ಟಿದ್ದಳು. ಅಷ್ಟು ಜೋಪಾನ ಮಾಡಿದ್ದೇ ಮುಳುವಾಯಿತು.

*

ಬರುವ ಭಾನುವಾರ ಕೋಲೂರಿಕೊಂಡಾದರೂ ಚರ್ಚಿಗೆ ಹೋಗುತ್ತೇನೆಂದು ಅಮ್ಮ ಹಟ ಹಿಡಿದಿದ್ದಳು. ಬುಧವಾರ ಮಗಳು ಬಾಯಿ ಬಿಡಲಿಲ್ಲ. ಗುರುವಾರವೂ ಇಲ್ಲ. ಅಮ್ಮ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪದ್ಯಗಳನ್ನು ಒಂದಾದ ಮೇಲೊಂದು ರಾಗವಾಗಿ ಹೇಳಿಕೊಳ್ಳುತ್ತಿದ್ದಳು. ನಡುವೆ ನಿಲ್ಲಿಸಿ, ಸಾಬೂನು ಕರಗಿ ಹೋಯ್ತಾ, ಸುದ್ದಿಯೇ ಇಲ್ಲ ಎಂದು ಕೆಣಕುತ್ತಿದ್ದಳು.

ಸಾರುವೆಯಂತೂ ಖಾಲಿಯಿತ್ತು. ಚರ್ಚಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾನೆ, ಕರೆದರೆ ಓಗೊಡುವುದಿಲ್ಲ ಎಂದು ಫಾದರ್ ಪೇಚಾಡಿಕೊಂಡರು. ಮುಖ ತೋರಿಸಲು ನಾಚಿಕೆಯಾಗಿರಬೇಕು ಎಂದುಕೊಂಡಳು. ಆಗಲಿ ಎಂದೂ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಶನಿವಾರ ಬೆಳಿಗ್ಗೆ ಇನ್ನು ಆಗುವುದಿಲ್ಲವೆಂದು ಅಮ್ಮನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಅಮ್ಮ ಕಿಟಕಿಯ ಕಡೆ ತಿರುಗಿದಳು. ಕಣ್ಣಿನಿಂದ ಒಂದು ಹನಿ ಉದುರಿತು. ಸೆರಗಿನಿಂದ ಒರೆಸಿಕೊಂಡಳು.

"ಅಲ್ಲಿ ಏನಿದೆ ಅಂತ ಅವನಿಗೆ ಹೇಳಿದ್ಯಾ?"

"ಇಲ್ಲ."

"ಹೇಳದೆ ಇದ್ದದ್ದು ನೀನು, ತೊಳೆದದ್ದು ಅವನು. ತಪ್ಪು ಇಬ್ಬರಿಗೂ ಅರ್ಧರ್ಧ." ಅಮ್ಮ ಕೋಲಿಗೆ ಕೈ ಚಾಚಿದಳು. "ನಡಿ. ಭಾನುವಾರದವರೆಗೆ ಯಾಕೆ ಕಾಯೋದು. ಬರೀ ಕಲ್ಲನ್ನೂ ಒಂದು ಸಲ ನೋಡ್ಬಿಡ್ತೀನಿ."

*

ಬೋಳು ಕಲ್ಲಿನ ಮುಂದೆ ಅಮ್ಮ ಅಭ್ಯಾಸಬಲದಿಂದ ಬಗ್ಗಲು ಹೋಗಿ ಅರ್ಧಕ್ಕೇ ನಿಂತಳು. ಅದನ್ನು ನೋಡಲಾರದೆ ಮಗಳು ಮುಖ ತಿರುಗಿಸಿದಾಗ, ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಅವನು ಹೊಸ್ತಿಲಲ್ಲಿ ನಿಂತಿದ್ದ. ನಾಲ್ಕು ದಿನದ ಗಡ್ಡ, ಕೆಂಪಾದ ಕಣ್ಣು, ಕೈಯಲ್ಲಿ ಬಿದಿರಿನ ಚಪ್ಪಟೆ ಕಡ್ಡಿ.

ಒಂದು ನಿಮಿಷ ಒಳಗೆ ಬರ್ತೀರಾ ಎಂದು ಅವನು ಕೇಳಿದ್ದು ಅಮ್ಮನನ್ನು. ಮಗಳ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

ಕೋಣೆಯ ಒಂದೇ ಕಿಟಕಿಗೆ ತೆಳ್ಳನೆಯ ಹಳದಿ ಪೊರೆಯೊಂದನ್ನು ಇಳಿಬಿಟ್ಟಿದ್ದ. ಬೆಳಗಿನ ಬಿಸಿಲು ಅದರ ಮೂಲಕ ಒಳಗೆ ಬರುತ್ತಿತ್ತು. ಆ ಬೆಳಕಿನ ತುಂಬ ಅಂಗೈಗಳು.

ಮೊದಲು ಸುಲಿದ ಪೊರೆಯನ್ನು ಕೆಲಸ ಮುಗಿಯುವ ತನಕ ಎಸೆಯಬಾರದು, ಅದು ಗೋಡೆಗೆ ಸಾಕ್ಷಿ ಎಂದು ಮಾವ ಕಲಿಸಿದ್ದನ್ನು ಅವನು ತಡವರಿಸುತ್ತ ಹೇಳಿದ. ಅವಸರದಲ್ಲಿ, ಅಂಟದಿರಲೆಂದು ಉದುರಿಸುವ ಪೌಡರ್ ಹಾಕದೆ ಮಡಚಿಟ್ಟಿದ್ದರಿಂದ ಅದರ ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಡಿಸಲು ನಾಲ್ಕು ದಿನ ಬೇಕಾಯಿತು, ದಿನಕ್ಕೆ ಒಂದು ಗೇಣು. ಮಸಿ ಇದ್ದ ಕಡೆ ಸುಲಭವಾಗಿ ಬಿಡುತ್ತಿತ್ತಂತೆ. ಮಸಿ ಇಲ್ಲದ ಅಂಚೇ ಕಾಟ ಕೊಟ್ಟದ್ದು. ಹರಿದುಹೋದರೆ ಏನು ಗತಿ ಎಂದು ಯಾರಿಗೂ ಹೇಳಿರಲಿಲ್ಲ. ಒಂದು ಸಲ ಕಳಕೊಂಡವರಿಗೆ ಇನ್ನೊಂದು ಸಲ ಕಳಕೊಳ್ಳೋ ಹಾಗೆ ಮಾಡಬಾರದು ಅನ್ನಿಸ್ತು ಎಂದ.

ಅವಳು ಹತ್ತಿರ ಹೋದಳು. ಗೋಡೆಯ ಮೇಲಿದ್ದಾಗ ಕೊನೆಯವರ ಕೈಗಳು ಮಾತ್ರ ಕಾಣುತ್ತಿದ್ದವು. ಪೊರೆ ಅದನ್ನು ತಿರುವಿ ಹಾಕಿತ್ತು. ಕಲ್ಲಿಗೆ ಅಂಟಿ ನೂರು ವರ್ಷ ಮುಚ್ಚಿಹೋಗಿದ್ದ ಮೊದಲಿಗರು ಈಗ ಮುಂದೆ ಇದ್ದರು. ಇವಳು ಕಾಣದ, ಇವಳ ಅಜ್ಜ ಕಂಡಿರಬಹುದಾದ ಕೈಗಳು. ಕೆಳಗಿನ ಮೂಲೆಯಲ್ಲಿ, ಗುಂಪಿಗೆ ಸೇರದೆ, ಅರ್ಧ ಬೆರಳಿನ ಒಂದು ಅಂಗೈ.

ಅಮ್ಮ ಕೋಲನ್ನು ಮಗಳಿಗೆ ಕೊಟ್ಟು ರೂಢಿಯಂತೆ ಬಲಗೈ ಚಾಚಿದಳು. ಹೆಬ್ಬೆರಳು ಹೊಂದಲಿಲ್ಲ. ಎಡಗೈ ಇಟ್ಟಳು. ಬೆರಳಿಗೆ ಬೆರಳು ಕೂತಿತು, ಎದುರಿಗೆ ನಿಂತವರ ಅಂಗೈಗೆ ಅಂಗೈ ಸೇರಿಸಿದ ಹಾಗೆ.

"ಗೋಡೆ ಮೇಲಿದ್ದಾಗ ಆ ಕಡೆ ತಿರುಗಿ ನಿಂತಿದ್ರು," ಎಂದಳು ಅಮ್ಮ, ತುಂಬ ಮೆಲ್ಲಗೆ. "ಈಗ ನನ್ನ ಕಡೆ ತಿರುಗಿದಾರೆ."

ಆಮೇಲೆ ಅಮ್ಮನ ತುಟಿ ಅಲ್ಲಾಡುತ್ತಿತ್ತು. ಪದ್ಯವೋ ಪ್ರಾರ್ಥನೆಯೋ, ಗಂಡನ ಜತೆ ಬಾಕಿ ಉಳಿದ ಮಾತೋ. ಮಗಳೂ ಅವನೂ ಸದ್ದಿಲ್ಲದೆ ಹೊರಗೆ ಬಂದರು.

*

ಅಂಗಳದಲ್ಲಿ ಅವನು, ಸಾರುವೆ ಹತ್ತುತ್ತೀರಾ, ಮೇಲಿನಿಂದ ಒಂದು ಸಲ ನೋಡಿ ಎಂದ. ಹುಟ್ಟಿದಂದಿನಿಂದ ಈ ಊರನ್ನು ಕೆಳಗಿನಿಂದಲೇ ನೋಡಿದವಳು, ಏಣಿಗೆ ಕಾಲಿಟ್ಟಳು. ಅವನು ಒಂದು ಮೆಟ್ಟಿಲು ಕೆಳಗೆ, ಮುಟ್ಟದೆ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ ಬಂದ. ಅವನ ಉಸಿರು ಅವಳ ಬೆನ್ನಿಗೆ ತಾಗುತ್ತಿತ್ತು. ಏಣಿ ಇಷ್ಟು ಬೇಗ ಮುಗಿಯಬಾರದಿತ್ತು ಎನಿಸಿತು ಅವಳಿಗೆ.

ಮೇಲೆ ಗಾಳಿಯಿತ್ತು. ಗೋಪುರದ ಕಲ್ಲಿಗೆ ಒರಗಿ ನಿಂತು ಅವಳು ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. ಅವತ್ತು ಹನ್ನೊಂದು ಜನರ ಎದುರು ಹಾಗೆ ಹೇಳಬಾರದಿತ್ತು. ಕಥೆಯನ್ನು ಮೊದಲೇ ಹೇಳಬೇಕಿತ್ತು.

"ಯಾಕೆ ಹೇಳ್ಲಿಲ್ಲ?"

ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಿಮಗೆ ಬೇರೆಯಾಗಿ ಹೇಳೋಣ ಅಂತ ಇಟ್ಟಿದ್ದೆ."

ಅವನ ರೆಪ್ಪೆಗಳು ಒಮ್ಮೆ ಬಡಿದವು. ಅಲ್ಲಿಂದ ಒಂದಿಷ್ಟು ಬಿಳಿ ಪುಡಿ ಉದುರಿತು. ನೋಡಿ ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳುವೂ ಬಂತು. ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತು ಗೇಣುಗೇಣಾಗಿ ಅಪ್ಪನನ್ನು ಬಿಡಿಸಿ ತಂದಿದ್ದೀರಲ್ಲ, ಈ ಉಪಕಾರವನ್ನು ಯಾವ ಮಾತಿನಲ್ಲಿ ಹೇಳಲಿ ಎಂದಳು.

"ಉಪಕಾರ ಅನ್ಬೇಡಿ. ತೊಳೆದವನೂ ನಾನೇ." ಅವನು ತಲೆ ತಗ್ಗಿಸಿದ. ಆ ಪೊರೆಯನ್ನು ಎರಡು ಗಾಜಿನ ನಡುವೆ ಕೂರಿಸಿ ಬಾಗಿಲ ಪಕ್ಕದ ಕಿಟಕಿಗೆ ಹಾಕಲು ಫಾದರ್ ಅವರನ್ನು ಕೇಳಿಕೊಳ್ಳುತ್ತೇನೆ ಎಂದ. ಕೆಲಸಕ್ಕೆ ಕಳಿಸಿದ ಮಾಲಿಕನ ಬಳಿ ಹೇಳಿ, ಒಂದು ವಾರ ಹೆಚ್ಚಿಗೆ ಇದ್ದಾದರೂ ಅದನ್ನು ಮಾಡಿಯೇ ಹೋಗುವುದು.

ಹೋಗುವುದು ಎಂಬ ಮಾತು ಇಬ್ಬರ ನಡುವೆ ಬಿತ್ತು.

ಅವನು ಊರಿನ ಕಡೆ ಕೈ ತೋರಿಸಿದ. ಕಾಲುವೆಯಾಚೆ ನೇಕಾರರ ಪುಟ್ಟ ಚರ್ಚು ಕಪ್ಪು. ಹಳೆ ಅಂಚೆ ಕಚೇರಿ ಕಪ್ಪು. ಸೇತುವೆಯ ಕಂಬಗಳು, ಸಂತೆಕಟ್ಟೆಯ ಮಂಟಪ, ಸ್ಟೇಷನ್ನಿನ ಕಮಾನು, ಒಂದೊಂದನ್ನೇ ತೋರಿಸುತ್ತ ಹೋದ.

"ಎಲ್ಲ ಮಸಿ ಹಿಡಿದಿದೆ. ಒಬ್ಬನೇ, ನಿಧಾನಕ್ಕೆ ಮಾಡಿದ್ರೆ ನಲವತ್ತು ವರ್ಷದ ಕೆಲಸ ಇದೆ ಈ ಊರಲ್ಲಿ."

ಅವಳು ಅವನ ಕಡೆ ತಿರುಗಲಿಲ್ಲ. ಕೆನ್ನೆ ಬಿಸಿಯಾಗುವುದು ಅವಳಿಗೇ ತಿಳಿಯುತ್ತಿತ್ತು. "ಚಿಮಣಿ ಮುಟ್ಟೋ ಹಾಗಿಲ್ಲ. ಅದು ಕಪ್ಪಗಿದ್ರೇನೇ ಚಂದ."

"ಚಿಮಣಿ ಬಿಟ್ಟೇ ಹೇಳಿದ್ದು."

"ಒಂದೊಂದು ಗೋಡೆ ಮುಟ್ಟೋ ಮೊದಲೂ ಅಲ್ಲಿ ಯಾರಿದ್ರು, ಏನಾಯ್ತು ಅಂತ ನನ್ನ ಕೇಳ್ಬೇಕು."

"ಕೇಳೋಕೆ ದಿನಾ ನೀವು ಹತ್ತಿರ ಇರ್ಬೇಕಲ್ಲ," ಎಂದ ಅವನು. "ಅದನ್ನೇ ಕೇಳ್ತಿರೋದು."

ಕೆಳಗೆ ಹಿಂದಿನ ಕೋಣೆಯಿಂದ ಅಮ್ಮನ ರಾಗ ತೆರೆದ ಬಾಗಿಲಲ್ಲಿ ಹಾದು ಮೇಲಕ್ಕೆ ಬರುತ್ತಿತ್ತು, ಈಗ ಗಟ್ಟಿಯಾಗಿ. ಅವಳು ಕಣ್ಣು ಮುಚ್ಚಿ ಒಂದು ಕ್ಷಣ ಯಾರಿಗೆಂದು ಗೊತ್ತಿಲ್ಲದೆ, ಎಲ್ಲರಿಗೂ ಸೇರಿಸಿ, ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ಹಲಗೆಯ ಮೇಲೆ ಅವನಿಗೂ ಜಾಗ ಬಿಟ್ಟು ಕೂತಳು.

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು. "ನೇಕಾರರ ಚರ್ಚಿನಿಂದಲೇ ಶುರು ಮಾಡ್ತೀನಿ. ಅದು ದೊಡ್ಡ ಕಥೆ."