ಗವಲಿಗೆ ಮೊದಲ ಕೈ

"ನಿಮ್ಮ ಗವಲಿ ಛಲೋ ಇಲ್ರಿ. ಹಾಲಿನ್ಯಾಗ ಎಷ್ಟ್ ಕುದಿಸಿದ್ರೂ ರಬ್ಬರ್ ಆಗ್ತಾವ."

ಕುಮುದಿನಿ ಪ್ಯಾಕೆಟ್ ನೋಡಿದಳು. ಶಂಖದಾಕಾರದ ಪಾಸ್ತಾ. ಈ ಮನುಷ್ಯ ಅದನ್ನು ಕೈಯಲ್ಲಿ ಹೊಸೆದ ರವೆಯ ಗವಲಿ ಎಂದುಕೊಂಡು ಬೆಲ್ಲ, ಏಲಕ್ಕಿ ಹಾಕಿ ಪಾಯಸ ಮಾಡಿದ್ದ! ಟಿಳಕವಾಡಿಯ ಈ ಅಂಗಡಿಗೆ ಕೆಲಸಕ್ಕೆ ಬಂದ ಮೇಲೆ ಅವಳು ಮನಸಾರೆ ನಕ್ಕಿದ್ದು ಅದೇ ಮೊದಲು.

"ಇದು ಗವಲಿ ಅಲ್ರಿ, ಪಾಸ್ತಾ. ಉಪ್ಪುನೀರಾಗ ಕುದಿಸಿ, ಬಸಿದು, ಸಾಸ್ ಹಾಕ್ಕೊಂಡು ತಿನ್ನೋದು."

ಅವನ ಕಿವಿ ಕೆಂಪಾಯಿತು. "ಅವ್ವ ಹೋದಮ್ಯಾಲೆ ಗವಲಿ ಪಾಯಸ ತಿಂದಿಲ್ರಿ. ಆಸೆ ಆತು."

ಹೆಸರು ಬಿಂದುಮಾಧವ. ಕೋಟೆ ಹತ್ತಿರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ತಾಯಿಯ ಸೇವೆಯಲ್ಲಿ ಮದುವೆಯ ವಯಸ್ಸು ದಾಟಿಸಿಕೊಂಡವನು.

ಅಂದಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಹಾಜರು. ಅಂಗಡಿಯ ಮಾಲಕಿ ಗೋವಾದವಳು; ಅವಳಿಂದ ಕಲಿತದ್ದನ್ನೆಲ್ಲ ಕುಮುದಿನಿ ಅವನಿಗೆ ಕಲಿಸಿದಳು. ಶಂಖಕ್ಕೆ ಬಿಳಿ ಸಾಸ್ ಮತ್ತು ಬಟಾಣಿ. ಕಾಳು ಅದರ ಹೊಟ್ಟೆಯಲ್ಲಿ ಕೂರಬೇಕು. ಸುರುಳಿಗೆ ಟೊಮೆಟೊ ಸಾಸ್. ಸಂದಿಯಲ್ಲಿ ಮಸಾಲೆ ನಿಲ್ಲುತ್ತದೆ. ಉದ್ದ ಎಳೆಗೆ ಬರೀ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸಾಕು.

"ಸುರುಳಿಗೆ ಮಜ್ಜಿಗಿ ಸಾರು ಹಾಕಿದ್ರ ಹೆಂಗ್ರೀ?"

"ಹಾಕ್ರಿ. ಆಮ್ಯಾಲೆ ನಾ ಹೇಳಿದ್ದು ಅಂತ ಯಾರಿಗೂ ಹೇಳಬ್ಯಾಡ್ರಿ."

ಅವನು ಕನ್ನಡಕದ ಮೇಲಿಂದ ನೋಡಿ ನಗುತ್ತಿದ್ದ. ಅವಳು ಸುಮ್ಮಸುಮ್ಮನೆ ಡಬ್ಬಿ ಜೋಡಿಸಲು ತಿರುಗುತ್ತಿದ್ದಳು. ತಿರುಗಿದರೂ ಆ ನೋಟ ಬೆನ್ನಿಗೆ ತಾಕುತ್ತಿತ್ತು.

ಸಂಜೆ ಅವಳು ಖಾನಾಪುರದ ಮನೆಗೆ ರೈಲು ಹಿಡಿಯುತ್ತಿದ್ದಳು. ತಾನೇ ಹಾಕಿ ಹೋದ ಬೀಗ ತಾನೇ ತೆಗೆಯಬೇಕು. ಗಂಡ ತೀರಿಕೊಂಡಾಗಿನಿಂದ ಒಂದು ಹಿಡಿ ಅಕ್ಕಿ ಬೇಯಿಸುವುದಕ್ಕೂ ಬೇಸರ. ಶನಿವಾರ ಬೇಗ ಬರಬಾರದೇ ಎನ್ನಿಸುತ್ತಿತ್ತು, ಹಾಗೆನ್ನಿಸಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಅಣ್ಣನ ಮಗಳ ಮದುವೆ ಗೊತ್ತಾಯಿತು. ಮದುವೆ ಮನೆಯಲ್ಲಿ ಮೊದಲು ಗವಲಿ ಹೊಸೆಯಬೇಕು. ಹಾಲಲ್ಲಿ ನಾದಿದ ರವೆಯನ್ನು ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣಗೆ ಹೊರಳಿಸುವ ಕೆಲಸ. ಖಾನಾಪುರದಲ್ಲಿ ಕುಮುದಿನಿಯಷ್ಟು ಚೆಂದದ ಬೆರಳು ಯಾರಿಗೂ ಇರಲಿಲ್ಲ. ಮಣೆಯ ಹತ್ತಿರ ಕೂರಲು ಹೋದವಳಿಗೆ ಅಣ್ಣನ ಹೆಂಡತಿ ಮುಗ್ಧಾ ಮೆಲ್ಲಗೆ ಹೇಳಿದಳು, "ಕುಮುದಾ, ನೀ ಒಳಗ ಚಹಾ ನೋಡ್ಕೋ. ಮುತ್ತೈದೇರು ಸುರು ಮಾಡ್ಲಿ."

ಹೊರಗೆ ಹಾಡು, ನಗು. ಒಳಗೆ ಚಹಾ ಉಕ್ಕಿ ಒಲೆಗೆ ಬಿದ್ದರೂ ಅವಳಿಗೆ ಕಾಣಲಿಲ್ಲ.

"ಯಾಕ್ರೀ, ಮುಖ ಸಣ್ಣ ಆಗೇದ?" ಎಂದು ಶನಿವಾರ ಬಿಂದುಮಾಧವ ಕೇಳಿದ್ದೇ ತಡ, ಎಲ್ಲ ಹೇಳಿಬಿಟ್ಟಳು. ಅವನು ಕೇಳಿಸಿಕೊಂಡು, ಏನೂ ಕೊಳ್ಳದೆ ಹೋದ. ಮುಂದಿನ ಶನಿವಾರ ಬರಲೇ ಇಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಹೇಳುತ್ತಾರೆಯೇ? ಇದ್ದ ಒಂದು ಶನಿವಾರವನ್ನೂ ತಾನೇ ಕಳೆದುಕೊಂಡೆನಲ್ಲ ಎಂದು ಅವಳು ರೈಲಿನ ಕಿಟಕಿಗೆ ಮುಖ ಮಾಡಿ ಅತ್ತಳು.

ಅದರ ಮರು ಶನಿವಾರ ಅವನು ಬಂದ. ಕೈಯಲ್ಲಿ ರವೆಯ ಚೀಲ.

"ನಮ್ಮ ಮನ್ಯಾಗ ಗವಲಿ ಮಾಡೋದದ. ಮೊದಲ ಕೈ ನಿಮ್ಮದ ಹಚ್ಚಬೇಕು."

ಅವಳು ಡಬ್ಬಿಯೊಂದನ್ನು ತೆರೆಯುತ್ತ ಕೇಳಿದಳು, "ಯಾರ ಮದುವಿ?"

"ನಂದು."

ಡಬ್ಬಿಯ ಮುಚ್ಚಳ ಕೈಯಲ್ಲೇ ಉಳಿಯಿತು. "ಛಲೋ ಆತು," ಎಂದಳು, ಹೇಗೋ. "ಆದ್ರ ನನ್ನ ಕೈ ನಡೀದ್ರಿ. ಮೊದಲ ಆ ಹುಡುಗೀನ್ನ ಕೇಳ್ರಿ."

"ಅವ್ರನ್ನ ಈಗ ಕೇಳ್ಲಿಕ್ಕತ್ತೀನಿ."

ಹೊರಗೆ ಆಟೋ ಒಂದು ಹಾರ್ನ್ ಹೊಡೆಯುತ್ತ ಹೋಯಿತು. ಅವನ ಕಿವಿ ಮೊದಲ ದಿನದಂತೆಯೇ ಕೆಂಪಾಗಿತ್ತು. ಕುಮುದಿನಿ ಚೀಲಕ್ಕೆ ಕೈ ಹಾಕಿ ಚಿಟಿಕೆ ರವೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಕಣ್ಣು ತುಂಬಿ ರವೆ ಕಾಣುತ್ತಿರಲಿಲ್ಲ.

"ಇದು ದಪ್ಪ ಆತ್ರಿ. ಸಣ್ಣ ರವಾ ಬೇಕು," ಎಂದಳು. "ನಾಳೆ ನಾನ ತರ್ತೀನಿ. ನೀವು ಹಾಲು ಕಾಸಿಡ್ರಿ."